ಧೋಲಾವೀರಾ: ನೀರಿನ ಟ್ಯಾಂಕ್ ನೋಡೋಕಾದ್ರೂ ಹೋಗಿ

ಗುಜರಾತಿನ ಕಛ್‌ನಲ್ಲಿರೋ ಸಿಂಧೂ ನಾಗರಿಕತೆಯ ಹಳೇ ನಗರ ಇದು. ಭುಜ್‌ನಿಂದ ರಣ್ ಅನ್ನೋ ಉಪ್ಪಿನ ಬಯಲಿನ ಮಧ್ಯದ ರೋಡಲ್ಲಿ ಎರಡೂ ಕಡೆ ಬರೀ ಬಿಳಿ ಉಪ್ಪು ನೋಡ್ಕೊಂಡು ಹೋದ್ವಿ, ಆ ಡ್ರೈವೇ ಸೂಪರ್. ಸೈಟಲ್ಲಿ ಒಬ್ರು ಲೋಕಲ್ ಗೈಡ್ ಸಿಕ್ಕಿದ್ರು, ಅವರಿಲ್ದೆ ಹೋಗಿದ್ರೆ ಬರೀ ಕಲ್ಲುರಾಶಿ ಅನ್ಕೊಂಡು ವಾಪಸ್ ಬರ್ತಿದ್ವೇನೋ. ಸಿಂಧೂ ನಾಗರಿಕತೆ ಅಂದ್ರೆ ಇಟ್ಟಿಗೆ ಅಂತ ಓದಿದ್ವಲ್ಲ, ಇಲ್ಲಿ ಜಾಸ್ತಿ ಕಲ್ಲೇ! ದೊಡ್ಡ ನದಿನೂ ಇಲ್ಲ, ಮನ್ಸರ್, ಮನ್ಹರ್ ಅಂತ ಎರಡು ಮಳೆಗಾಲದ ಹಳ್ಳ, ಅದಕ್ಕೇ ಅಡ್ಡಕಟ್ಟೆ ಹಾಕಿ ನೀರನ್ನ ಸಾಲುಸಾಲು ಟ್ಯಾಂಕಿಗೆ ತಿರುಗಿಸ್ಕೊಂಡಿದ್ದಾರೆ, ಮೆಟ್ಟಿಲು ಇನ್ನೂ ಗಟ್ಟಿಯಾಗಿವೆ. ಉತ್ತರದ ಬಾಗಿಲ ಹತ್ರ 10 ಅಕ್ಷರದ ಬೋರ್ಡ್ ಸಿಕ್ಕಿತ್ತಂತೆ, ಇವತ್ತಿಗೂ ಯಾರಿಗೂ ಓದೋಕಾಗಿಲ್ಲ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ನೆರಳು ಕಮ್ಮಿ, ಟೋಪಿ ಮರೆತು ನನ್ನ ತಲೆ ಸಿಡಿದೋಯ್ತು. ಊಟ ಮಾಡಿದ ಹೋಟೆಲಲ್ಲಿ ರೋಟ್ಲಾ (ಅಲ್ಲಿನ ರೊಟ್ಟಿ) ತಣ್ಣಗಿತ್ತು, ಮಜ್ಜಿಗೆ ಮಾತ್ರ ಎರಡು ಲೋಟ ಕುಡಿದೆ. 5ಕ್ಕೆ 4.5.