ಮಂಗಳೂರಿನ ಒಂದು ತುರ್ತು ಚಿಕಿತ್ಸಾ ತರಬೇತಿಯ ಬಗ್ಗೆ

ಸಣ್ಣ ಕ್ಲಿನಿಕ್‌ಗಳ ನರ್ಸ್‌ಗಳಿಗಾಗಿ ಮಂಗಳೂರಿನಲ್ಲಿ ನಡೆದ ಒಂದು ದಿನದ ತುರ್ತು ಚಿಕಿತ್ಸಾ ತರಬೇತಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು, ಉಪನ್ಯಾಸಕ್ಕಿಂತ ಹೆಚ್ಚಿನ ಸಮಯವನ್ನು ಬೊಂಬೆಗಳ ಮೇಲಿನ ಅಭ್ಯಾಸಕ್ಕೆ ಮೀಸಲಿಟ್ಟದ್ದು. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕೆಂಬುದನ್ನು ಓದಿ ತಿಳಿಯಬಹುದು. ಆದರೆ ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕೆಂಬುದು, ತರಬೇತುದಾರರು ನಮ್ಮ ಮಣಿಕಟ್ಟು ಹಿಡಿದು ಭಾರ ತೆಗೆಸಿದಾಗಲೇ ಮನದಟ್ಟಾಯಿತು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕೆನ್ನುವುದು ಏಕೆಂದು ತೋಳುಗಳೇ ಹೇಳಿದವು.

ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಜಾರಿ ಶ್ವಾಸಮಾರ್ಗ ಮುಚ್ಚುವುದರಿಂದ ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಬೇಕು. ಕುತ್ತಿಗೆಗೆ ಪೆಟ್ಟಾಗಿರುವ ಸಂಶಯವಿದ್ದರೆ ಮೊದಲು ತಲೆ ಬಾಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ತರಬೇಕು. ರಾಷ್ಟ್ರೀಯ ಹೆದ್ದಾರಿ 66ರ ಅಪಘಾತಗಳನ್ನು ಕಂಡ ನಮ್ಮವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಔಷಧಗಳ ಪಾಠ ಚಿಕ್ಕದಾದರೂ ಸ್ಪಷ್ಟವಾಗಿತ್ತು. ಚುಚ್ಚುಮದ್ದಿನ ನಂತರ ತೀವ್ರ ಅಲರ್ಜಿಯಿಂದ ಉಸಿರು ಕಟ್ಟಿ ರಕ್ತದೊತ್ತಡ ಕುಸಿದರೆ, ವಯಸ್ಕರಿಗೆ 0.5 ಮಿಲಿಗ್ರಾಂ ಅಡ್ರಿನಾಲಿನ್ ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ತಡಮಾಡದೆ ಕೊಡಬೇಕು. ಅಲರ್ಜಿಗೆ ಸಾಮಾನ್ಯವಾಗಿ ಕೊಡುವ ಅವಿಲ್ ಔಷಧವಾಗಲಿ ಸ್ಟಿರಾಯ್ಡ್ ಆಗಲಿ ಅದಕ್ಕೆ ಬದಲಿಯಲ್ಲ. ಈ ಒಂದು ಮಾತಿಗಾಗಿಯೇ ಪ್ರತಿ ಕ್ಲಿನಿಕ್‌ನವರೂ ಇಲ್ಲಿಗೆ ಬರಬೇಕೆಂಬುದು ನನ್ನ ಅಭಿಪ್ರಾಯ.

ದೇಹದ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಆಘಾತಸ್ಥಿತಿಯ, ಅಂದರೆ ಷಾಕ್‌ನ ಭಾಗವನ್ನು ಮಾತ್ರ ಸಂಜೆಯ ಅವಸರದಲ್ಲಿ ಮುಗಿಸಿದ್ದು ಬೇಸರ ತಂದಿತು. ರಕ್ತಸ್ರಾವದಿಂದಾದ ಷಾಕ್‌ನಲ್ಲಿ ಮೊದಲು ರಕ್ತ ನಿಲ್ಲಿಸಬೇಕು, ಹೃದಯ ಸೋತಾಗ ಸಲೈನ್ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬೀತು ಎಂಬಂಥ ವಿಷಯಕ್ಕೆ ಆಯೋಜಕರು ಬೆಳಗಿನ ಹೊತ್ತನ್ನೇ ಕೊಡಬೇಕು.