ಹೈಡ್ರೇಶನ್ ಬ್ಯಾಗ್ ತಗೊಳ್ಳೋರೇ, ಬ್ಯಾಗ್ ನೋಡಿ ದುಡ್ಡು ಕೊಡಬೇಡಿ, ಒಳಗಿನ ಬ್ಲಾಡರ್ ತೆಗೆಸಿ ನೋಡಿ

ಬೇಸಿಗೆ ಬೈಕ್ ರೈಡ್‌ಗೆ ಅಂತ ಹೈಡ್ರೇಶನ್ ಬ್ಯಾಗ್ (ಒಳಗೆ ಬ್ಲಾಡರ್ ಅನ್ನೋ ನೀರಿನ ಚೀಲ, ಅದರಿಂದ ಬಾಯಿಗೆ ಪೈಪು ಇರೋ ಬೆನ್ನಿನ ಬ್ಯಾಗು) ತಗೊಳ್ಳೋ ಪ್ಲಾನ್ ಇರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಬರಿಯೋಕೇ ಒಂಥರಾ ನಾಚಿಕೆ, ನಮ್ ಹುಡುಗ್ರು ಈಗಾಗ್ಲೇ ಸಾಕಷ್ಟು ನಕ್ಕಿದಾರೆ, ನಗ್ಲಿ ಬಿಡಿ. ಇನ್ನೊಬ್ಬ ಹೋಗಿ ಅದೇ ಥರ ಟೋಪಿ ಹಾಕಿಸ್ಕೊಂಡು ಬರಬಾರ್ದು ಅಷ್ಟೇ.

ಬೆಂಗಳೂರಲ್ಲಿ ರೈಡಿಂಗ್ ಗೇರ್ ಮಾರೋ ಒಂದು ಅಂಗಡಿ, ಹೆಸರು ಹಾಕಲ್ಲ, ಕಂಪ್ಲೇಂಟ್ ಕೊಟ್ಟಿದೀನಿ. ಬ್ಯಾಗು ಹೆಸರಿರೋ ಕಂಪನೀದು, ಟ್ಯಾಗ್ ಇತ್ತು, ಹೊಲಿಗೆ ಚೆನ್ನಾಗಿತ್ತು, ಎದೆ ಹತ್ರ ಬರೋ ಸ್ಟ್ರಾಪ್ ಚೆನ್ನಾಗಿತ್ತು. 2,800 ರೂಪಾಯಿ. "2 ಲೀಟರ್ ಬ್ಲಾಡರ್ ಒಳಗೇ ಬರುತ್ತೆ ಸರ್, ಕ್ಯಾಮೆಲ್‌ಬ್ಯಾಕ್ ಥರಾನೇ" ಅಂದ ಅಂಗಡಿಯೋನು, ಈ ಥರ ಬ್ಯಾಗಿಗೆ ಹೆಸರಾದ ಕಂಪನಿ ಅದು. ಒಳಗಿಂದು ತೆಗೀರಿ ನೋಡೋಣ ಅಂದೆ. "ಅದು ಹೈಜೀನ್ ಐಟಂ ಸರ್, ಬಾಯಿಗೆ ಹಾಕೋದಲ್ವಾ, ಓಪನ್ ಮಾಡಿದ್ರೆ ರಿಟರ್ನ್ ಇಲ್ಲ." ಕೇಳೋಕೆ ನ್ಯಾಯವಾಗೇ ಇದೆ ನೋಡಿ! ಈ ಒಂದು ಮಾತು ನೆನಪಿಟ್ಕೊಳ್ಳಿ, ಇಡೀ ಆಟ ಇರೋದೇ ಇಲ್ಲಿ. ಬಿಲ್ ಕೇಳಿದ್ದಕ್ಕೆ "ಸಿಸ್ಟಂ ಡೌನ್ ಸರ್" ಅಂತ ಎಸ್ಟಿಮೇಟ್ ಚೀಟಿ ಬರ್ದು ಕೊಟ್ಟ, ದುಡ್ಡು ಹೋಗಿದ್ದು ಯಾರದೋ ಪರ್ಸನಲ್ ಯುಪಿಐಗೆ.

ಹಂಪಿಗೆ ಹೊರಟಿದ್ವಿ, ಏಪ್ರಿಲ್ ಬಿಸಿಲು. ಚಿತ್ರದುರ್ಗ ದಾಟಿ ಹೊಸಪೇಟೆ ಕಡೆ ತಿರುಗಿದ ಮೇಲೆ ಆ ರೋಡಲ್ಲಿ ಗಾಳಿ ಹೇಗಿರುತ್ತೆ ಅಂತ ಹೋದೋರಿಗೆ ಗೊತ್ತು, ಮೆಶ್ ಜಾಕೆಟ್ (ಗಾಳಿಯಾಡೋ ಬಲೆ ಬಟ್ಟೇದು) ಇದ್ರೆ ಬೆವರು ಬಂದಿದ್ದೇ ಗೊತ್ತಾಗಲ್ಲ, ಬಂದಂಗೇ ಒಣಗುತ್ತೆ, ಬಾಯಾರಿಕೆ ಗೊತ್ತಾಗೋ ಹೊತ್ತಿಗೆ ತಲೆ ಸುತ್ತೋಕೆ ಶುರುವಾಗಿರುತ್ತೆ. ಅದಕ್ಕೇ ತಾನೇ ಈ ಪೈಪಿನ ಬ್ಯಾಗು, ನಿಲ್ಲಿಸ್ದೇ ಗುಟುಕು ಗುಟುಕು ಕುಡೀತಾ ಹೋಗೋಕೆ. ಮೊದಲ್ನೇ ಗುಟುಕಿಗೇ ಹೊಸ ರೇನ್‌ಕೋಟ್ ನೆಕ್ಕಿದಂಗಾಯ್ತು. ಹೊಸದು ಅಲ್ವಾ, ಎರಡು ಸಲ ತೊಳೆದಿದೀನಿ, ಹೋಗುತ್ತೆ ಅನ್ಕೊಂಡೆ. ಹೋಗ್ಲಿಲ್ಲ. ಬೆನ್ನು ಒದ್ದೆ ಆಯ್ತು, ಬೆವರು ಅನ್ಕೊಂಡೆ. ಬೆವರಲ್ಲ! ಕೂಡ್ಲಿಗಿ ಹತ್ರ ಟೀಗೆ ನಿಲ್ಲಿಸಿ ಹೆಲ್ಮೆಟ್ ತೆಗೆದು ಇಳಿದ್ರೆ ಹೋಟೆಲ್ ಹುಡುಗ "ಅಣ್ಣಾ, ಹಿಂದೆಲ್ಲಾ ಒದ್ದೆ ಆಗೇತಿ ನೋಡ್ರಿ" ಅಂತ ಎಲ್ಲರ ಎದುರೇ ಅಂದ. ಪ್ಯಾಂಟ್ ಹಿಂಭಾಗ ಪೂರ್ತಿ. ಬೆಂಚ್ ಮೇಲಿದ್ದ ಹೆಂಗಸರು ಬೇರೆ ಕಡೆ ಮುಖ ಮಾಡಿದ್ರು. ನಮ್ ಗ್ಯಾಂಗ್ ಬಗ್ಗೆ ಹೇಳೋದೇ ಬೇಡ, "ಮಗಾ ಡೈಪರ್ ತರೋಣ್ವಾ" ಅಂತ ಅವತ್ತಿಂದ ಇವತ್ತಿನವರೆಗೂ.

ಅದೇ ಬ್ಯಾಗಲ್ಲಿದ್ದ ಪವರ್ ಬ್ಯಾಂಕ್ ಸತ್ತೋಯ್ತು. ಆರ್‌ಸಿ, ಇನ್ಶೂರೆನ್ಸ್ ಜೆರಾಕ್ಸ್ ಎಲ್ಲಾ ಮುದ್ದೆ.

ರೂಮಲ್ಲಿ ಬಿಚ್ಚಿ ನೋಡಿದ್ರೆ ಪೈಪ್ ಬ್ಲಾಡರ್‌ಗೆ ಸೇರೋ ಜಾಗದಲ್ಲಿ, ಆ ಬಿಳಿ ರಿಂಗ್ ಸುತ್ತ, ಅಂಟಿಸಿರೋ ಅಂಚು ಬಿಟ್ಕೊಂಡಿತ್ತು. ಒತ್ತಿದ್ರೆ ನೀರು ಸಣ್ಣ ಗುಳ್ಳೆ ಗುಳ್ಳೆ ಆಗಿ ಬರೋದು. ನೀರಿನ ಭಾರ ಎಲ್ಲಾ ಬೀಳೋದು ಕೆಳಗಿನ ಆ ಜಾಯಿಂಟ್ ಮೇಲೇನೇ, ಮೇಲಿಂದ ಬ್ಯಾಗ್ ಬಿಗಿಯಾಗಿ ಕಟ್ಟಿರ್ತೀವಿ, ಚೀಪ್ ಮಾಲು ಮೊದ್ಲು ಬಿಡೋದೇ ಅಲ್ಲಿ. ಮನೆಗೆ ಬಂದು ಅಡುಗೆಮನೆ ಲೀಟರ್ ಜಗ್‌ನಲ್ಲಿ ಅಳೆದು ಹಾಕಿದೆ, ಒಂದೂವರೆಗೇ ಮುಚ್ಚಳದವರೆಗೂ ಬಂತು. 2 ಲೀಟರ್ ಅಂತೆ! ಬ್ಲಾಡರ್ ಮೇಲೆ ಕಂಪನಿ ಹೆಸರಿಲ್ಲ, ಯಾವ ಪ್ಲಾಸ್ಟಿಕ್ ಅಂತ ಇಲ್ಲ, ಅಳತೆ ಗೆರೆ ಇಲ್ಲ. ಅದರ ಕವರ್ ಮೇಲೆ ಮಾತ್ರ ದೊಡ್ಡದಾಗಿ 'ಬಿಪಿಎ ಫ್ರೀ', ಅಂದ್ರೆ ಬಿಪಿಎ ಅನ್ನೋ ಕೆಮಿಕಲ್ ಇದರಲ್ಲಿ ಇಲ್ಲ ಅಂತ. ಯಾರು ಮಾಡಿದ್ದು, ಯಾರು ತರಿಸಿದ್ದು, ಎಂಆರ್‌ಪಿ ಎಷ್ಟು, ಒಂದೂ ಇಲ್ಲ. ಪ್ಯಾಕ್ ಮಾಡಿ ಮಾರೋ ಮಾಲಿನ ಮೇಲೆ ಇವೆಲ್ಲಾ ಇರಲೇಬೇಕು ಅಂತ ಕಾನೂನೇ ಇದೆ.

ಈಗ ಇವರ ಉತ್ತರಗಳು ನೋಡಿ. ವಾಟ್ಸಾಪಲ್ಲಿ ಸೋರೋ ವಿಡಿಯೋ ಕಳಿಸಿದೆ.

"ಕ್ಯಾಪ್ ಸರಿಯಾಗಿ ಹಾಕಿಲ್ಲ ಅನ್ಸುತ್ತೆ ಸರ್."

ಕ್ಯಾಪ್ ಮೇಲಿದೆ ಸ್ವಾಮಿ, ಸೋರ್ತಿರೋದು ಕೆಳಗೆ, ವಿಡಿಯೋ ನೋಡಿ ಅಂದೆ.

"ಬಿಸಿಲಲ್ಲಿ ಇಟ್ಟಿದ್ರಾ ಸರ್?"

ಇದನ್ನ ಎರಡೆರಡು ಸಲ ಓದ್ದೆ. ಬಿಸಿಲಲ್ಲಿ ಇಟ್ಟಿದ್ರಾ ಅಂತೆ! ಬಿಸಿಲಿಗೇ ಅಂತ ತಗೊಂಡಿರೋ ಬ್ಯಾಗು ಸ್ವಾಮಿ, ಮತ್ತೇನು ಫ್ರಿಜ್ಜಲ್ಲಿ ಕೂತು ಹಂಪಿಗೆ ಹೋಗ್ಲಾ?

"ಬ್ಲಾಡರ್ ಕಾಂಪ್ಲಿಮೆಂಟರಿ ಸರ್, ವಾರಂಟಿ ಬ್ಯಾಗ್‌ಗೆ ಮಾತ್ರ." ಆಮೇಲೆ ಬರೀ ಬ್ಲೂ ಟಿಕ್.

ತಡೆಯೋಕಾಗ್ದೆ ಅಂಗಡಿಗೇ ಹೋದೆ. ಮಾಲೀಕರು ಊರಲ್ಲಿಲ್ಲ ಅಂದ್ರು, ಇನ್ನೇನು ಹೇಳ್ತಾರೆ. ಅಲ್ಲೇ ಸ್ಟೂಲ್ ಮೇಲೆ ಕೂತೆ. ಆಗ ನೋಡಿದ್ದು ಇದು: ಕೆಲಸದ ಹುಡುಗ ಹೊಸ ಬಾಕ್ಸ್ ಒಡೆದ, ನನ್ ಬ್ಯಾಗಿನ ಮಾಡೆಲ್ಲೇ. ಒಳಗಿಂದ ನೀಲಿ ಬ್ಲಾಡರ್ ತೆಗೆದ, ಮೇಲೆ ಕಂಪನಿ ಲೋಗೋ, ಅಳತೆ ಗೆರೆ, ಎಲ್ಲಾ ಇದೆ. ಅದಕ್ಕೆ ಒಂದು ಸ್ಟಿಕ್ಕರ್ ಅಂಟಿಸಿ ಗೋಡೆ ಮೇಲಿನ ಕೊಕ್ಕೆಗೆ ನೇತು ಹಾಕಿದ, 1,200 ರೂಪಾಯಿ. ಕೆಳಗಿನ ರಟ್ಟಿನ ಡಬ್ಬದಿಂದ ಆ ಹೆಸರಿಲ್ಲದ ಬಿಳೀದನ್ನ ತೆಗೆದು ಬ್ಯಾಗೊಳಗೆ ತುರುಕಿ ಜಿಪ್ ಎಳೆದ. ನನ್ ಕಣ್ಣೆದುರೇ. ಅವನಿಗೆ ಅದು ದಿನಾ ಮಾಡೋ ಕೆಲಸ, ಮುಖದಲ್ಲಿ ಏನೂ ಇಲ್ಲ. ನನಗೆ ಕೈಕಾಲು ನಡುಗೋಕೆ ಶುರುವಾಯ್ತು. ಅಂದ್ರೆ ನಾನು ದುಡ್ಡು ಕೊಟ್ಟಿದ್ದ ಬ್ಲಾಡರ್ ಅವತ್ತೂ ಅದೇ ಗೋಡೆ ಮೇಲೆ ನೇತಾಡ್ತಿತ್ತು, ನಾನು ಅದರ ಪಕ್ಕದಲ್ಲೇ ನಿಂತು ಸ್ಟ್ರಾಪ್ ಚೆನ್ನಾಗಿದೆ ಅಂತ ಹೊಗಳ್ತಿದ್ದೆ.

ಕೇಳಿದ್ರೆ "ಎರಡೂ ಸೇಮ್ ಕ್ವಾಲಿಟಿ ಸರ್, ಕಲರ್ ಅಷ್ಟೇ ಬೇರೆ. ನಿಮಗೆ ಬೇಕಂದ್ರೆ 900ಕ್ಕೆ ಹಾಕ್ಕೊಡ್ತೀನಿ." ನಂದೇ ನನಗೆ 900ಕ್ಕೆ! ಊರಲ್ಲಿಲ್ಲದ ಮಾಲೀಕರು ಇಷ್ಟೊತ್ತಿಗೆ ಒಳಗಿನ ರೂಮಿಂದ ಬಂದ್ರು, "ನೀರಿನ ಚೀಲಕ್ಕೆಲ್ಲಾ ಇಷ್ಟು ಗಲಾಟೆ ಯಾಕೆ ಸರ್, ವಿದ್ಯಾವಂತರ ಥರ ಕಾಣ್ತೀರ" ಅಂದ್ರು. ಆ 'ವಿದ್ಯಾವಂತರ ಥರ' ಅನ್ನೋದು ಇನ್ನೂ ಉರೀತಿದೆ.

ನೀರಿನ ಚೀಲಾನೇ ಸ್ವಾಮಿ ಇದು. 1989ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಆ್ಯಂಬುಲೆನ್ಸ್ ಕೆಲಸದೋನು ಬಿಸಿಲಲ್ಲಿ ನೂರು ಮೈಲಿ ಸೈಕಲ್ ರೇಸಿಗೆ ಹೋಗ್ವಾಗ ಗ್ಲೂಕೋಸ್ ಹಾಕೋ ಚೀಲಕ್ಕೆ ನೀರು ತುಂಬಿ, ಕಾಲುಚೀಲದಲ್ಲಿ ಹಾಕಿ ಬೆನ್ನಿಗೆ ಸಿಗಿಸ್ಕೊಂಡ, ಕ್ಯಾಮೆಲ್‌ಬ್ಯಾಕ್ ಹುಟ್ಟಿದ್ದೇ ಹಾಗೆ. ಒಳಗಿನ ಚೀಲವೇ ಅಸಲು, ಬ್ಯಾಗು ಅದನ್ನ ಹೊರೋಕೆ. ಇವರು ಅಸಲನ್ನೇ ಕಾಂಪ್ಲಿಮೆಂಟರಿ ಅಂತಾರೆ.

ತಗೊಳ್ಳೋರಿಗೆ ಇಷ್ಟೇ ಹೇಳೋದು. ಬ್ಲಾಡರ್ ಹೊರಗೆ ತೆಗೆಸಿ, ಹೈಜೀನು ಗಿಯ್ಜೀನು ಅಂದ್ರೆ ಎದ್ದು ಬನ್ನಿ. ಟಿಪಿಯು (ಒಳ್ಳೆ ಬ್ಲಾಡರ್‌ಗೆ ಬಳಸೋ ಪ್ಲಾಸ್ಟಿಕ್) ಅಂತ ಬರ್ದಿದ್ಯಾ ನೋಡಿ, ಮೂಸಿ ನೋಡಿ, ಪಿವಿಸಿ (ರೇನ್‌ಕೋಟ್ ವಾಸನೆ ಬರೋ ಪ್ಲಾಸ್ಟಿಕ್) ಆದ್ರೆ ಮೂಗೇ ಹೇಳುತ್ತೆ. ಬಾಯಿ ಅಗಲ ಇರ್ಲಿ, ಕೈ ಒಳಗೆ ಹೋಗ್ಬೇಕು, ಇಲ್ಲಾಂದ್ರೆ ತೊಳೆದು ಒಣಗಿಸೋಕಾಗ್ದೆ ಬೂಷ್ಟು ಹಿಡಿಯುತ್ತೆ. ಕಚ್ಚಿ ಕುಡಿಯೋ ತುದಿಗೆ ಆನ್-ಆಫ್ ಲಾಕ್ ಇರ್ಲಿ. ಬೈಕಿನೋರು ಜಾಕೆಟ್ ಹಾಕ್ಕೊಂಡು ಹೋಗಿ ಹಾಕಿ ನೋಡಿ, ಟೀ ಶರ್ಟ್ ಮೇಲೆ ಸರಿ ಕೂತಿದ್ದು ಜಾಕೆಟ್ ಮೇಲೆ ಸ್ಟ್ರಾಪ್ ಸಾಲಲ್ಲ, ಫುಲ್ ಫೇಸ್ ಹೆಲ್ಮೆಟ್ ಆದ್ರೆ ಪೈಪು ಗದ್ದದ ಕೆಳಗಿಂದ ಬಾಯಿಗೆ ಸಿಗುತ್ತಾ ಅನ್ನೋದೂ ಅಲ್ಲೇ ನೋಡಿ. ಆರ್‌ಸಿ ಗೀರ್‌ಸಿ ಈ ಬ್ಯಾಗಲ್ಲಿ ಇಡಲೇಬೇಡಿ. ಬಿಲ್ ಕೊಡಲ್ಲ ಅಂದ್ರೆ ತಗೋಬೇಡಿ, ಬಿಲ್ ಕೊಡದೇ ಇರೋದೂ, ಕೆಟ್ಟ ಮಾಲು ವಾಪಸ್ ತಗೊಳ್ಳಲ್ಲ ಅನ್ನೋದೂ ಎರಡೂ 2019ರ ಗ್ರಾಹಕರ ಕಾಯ್ದೆ ಪ್ರಕಾರ ತಪ್ಪು. ಗ್ರಾಹಕರ ಸಹಾಯವಾಣಿ 1915, ಎಸ್ಟಿಮೇಟ್ ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ವಿಡಿಯೋ ಎಲ್ಲಾ ಸೇರಿಸಿ ನಾನು ಕಂಪ್ಲೇಂಟ್ ಹಾಕಿದೀನಿ.

ಕಂಪ್ಲೇಂಟ್ ನಂಬರ್ ಕಳಿಸಿದ ಮೇಲೆ ಬ್ಲೂ ಟಿಕ್‌ನೋರಿಗೆ ಮಾತು ಬಂತು. "ಸರ್, ಗೂಗಲ್ ರಿವ್ಯೂ ಡಿಲೀಟ್ ಮಾಡಿ, ನೀಲಿ ಬ್ಲಾಡರ್ ಫ್ರೀಯಾಗಿ ಕೊರಿಯರ್ ಮಾಡ್ತೀವಿ." ಫ್ರೀ ಅಂತೆ ಮತ್ತೆ! ಮೊದ್ಲು 2,800 ವಾಪಸ್ ಹಾಕಿ, ರಿವ್ಯೂ ಮಾತು ಆಮೇಲೆ ಅಂತ ಹಾಕಿದೀನಿ. ಓದಿದಾರೆ, ಉತ್ತರ ಇಲ್ಲ.