ಗೇಟಿನಲ್ಲೇ ನಿಂತು ರೇಟು ಹೇಳುವವರಿಗೆ ಗಿಡ ಕಡಿಯಲು ಕೊಡಬೇಡಿ

ಮಳೆಗಾಲಕ್ಕೆ ಮುಂಚೆ ಗಿಡದ ಟೊಂಗೆ ಕಡಿಸಬೇಕೆಂದಿರುವ ರಾಯಚೂರಿನವರು ದಯವಿಟ್ಟು ಇದನ್ನು ಓದಿ. ನಮ್ಮ ಹಿತ್ತಲಿನ ಬೇವಿನ ಗಿಡದ ದೊಡ್ಡ ಟೊಂಗೆಯೊಂದು ಪಕ್ಕದ ಮನೆಯ ತಗಡಿನ ಮೇಲೆ ಚಾಚಿತ್ತು. ಇನ್ನೊಂದು ಕರೆಂಟ್ ವೈರಿಗೆ ತಾಗುತ್ತಿತ್ತು. ಗುತ್ತಿಗೆದಾರ ಬಂದವನು ಗೇಟಿನಿಂದಲೇ ತಲೆ ಎತ್ತಿ ನೋಡಿ, "ಐದು ಸಾವಿರ ಕೊಡ್ರಿ, ಎಲ್ಲಾ ಮುಗಿಸಿಕೊಡ್ತೀವಿ" ಅಂದ. ಹಿತ್ತಲಿಗೆ ಕಾಲಿಡಲೇ ಇಲ್ಲ.

ಕೆಲಸ ಶುರುವಾದ ಮೇಲೆ ಅವನ ಆಳುಗಳು ತಗಡಿನ ಮೇಲಿದ್ದ ಟೊಂಗೆಯನ್ನು ಅರ್ಧ ಕೊಯ್ದು ಕೆಳಗಿಳಿದರು. "ಕೆಳಗೆ ತಗಡೈತಿ, ಹಗ್ಗ ಕಟ್ಟಿ ಇಳಿಸಬೇಕು, ಇನ್ನೂ ನಾಲ್ಕು ಸಾವಿರ ಆಗ್ತದ." ಮೇಲೆ ಟೊಂಗೆ ಕಿರ್ರೆನ್ನುತ್ತಿದೆ, ಆ ತಗಡಿನ ಕೆಳಗೆ ಒಂದು ಸಂಸಾರ ಇದೆ. ಅಂಥ ಹೊತ್ತಲ್ಲಿ ಯಾರು ಚೌಕಾಸಿ ಮಾಡುತ್ತಾರೆ? ಇನ್ನೊಬ್ಬರು ಅರ್ಧ ಕೊಯ್ದ ಟೊಂಗೆ ಮುಟ್ಟಲೂ ಬರುವುದಿಲ್ಲ. ಕೊಟ್ಟೆವು. ಸಂಜೆ ಸೊಪ್ಪು-ಕಡ್ಡಿ ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆಯೆಂದು ಮತ್ತೆ 1,500. ಒಟ್ಟು 10,500. ದಪ್ಪ ಕಟ್ಟಿಗೆಯನ್ನೆಲ್ಲ ಮಾತ್ರ ಮೊದಲೇ ತಮ್ಮ ಗಾಡಿಗೆ ತುಂಬಿಕೊಂಡಿದ್ದರು. ಕೇಳಿದರೆ "ಅದು ನಮ್ಮ ಪದ್ಧತಿ" ಎಂಬ ಉತ್ತರ. ಬೇವಿನ ಕಟ್ಟಿಗೆಗೆ ಬೆಲೆ ಇದೆ. ಅದನ್ನು ಅವರು ಒಯ್ಯುವುದಾದರೆ ಕೂಲಿಯಲ್ಲಿ ಕಳೆಯಲೇಬೇಕು.

ರೊಕ್ಕಕ್ಕಿಂತ ನನಗೆ ಸಂಕಟವಾದದ್ದು ಗಿಡದ ಸ್ಥಿತಿ ನೋಡಿ. ಭಾರದ ಟೊಂಗೆಗೆ ಮೊದಲು ಕೆಳಗಿನಿಂದ ಸ್ವಲ್ಪ ಗೀರಬೇಕು, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ಯಬೇಕು, ಉಳಿದ ಮೋಟನ್ನು ಕೊನೆಗೆ, ಟೊಂಗೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬಿನ ಹೊರಗೆ ತೆಗೆಯಬೇಕು. ಇವರು ಮೇಲಿನಿಂದಲೇ ಕೊಯ್ದರು. ಟೊಂಗೆ ಬೀಳುವಾಗ ಕಾಂಡದ ತೊಗಟೆ ಮೊಳದುದ್ದ ಸೀಳಿಕೊಂಡು ಬಂತು. ನಮ್ಮ ಬಿಸಿಲಿಗೆ ಆ ಗಾಯ ಯಾವಾಗ ಮಾಯುತ್ತದೋ!

ಸರಿಯಾಗಿ ಅಂದಾಜು ಹಾಕುವವರು ಹೇಗಿರುತ್ತಾರೆಂಬುದು ಆಮೇಲೆ ನಮ್ಮ ಓಣಿಯಲ್ಲೇ ಕಂಡಿತು. ಬೇರೊಬ್ಬರ ಮನೆಗೆ ಬಂದ ಮುದುಕ ಗಿಡದ ಸುತ್ತ ತಿರುಗಿ, ಯಾವ ಟೊಂಗೆ ಬೇಕು, ಯಾವುದು ಬೇಡ ಎಂದು ಮನೆಯವರಿಂದಲೇ ತೋರಿಸಿಕೊಂಡು ಸುಣ್ಣದ ಗುರುತು ಹಾಕಿದ. ಹತ್ತಿ ಕಡಿಯಬೇಕೋ, ನೆಲದಿಂದಲೇ ಆಗುತ್ತದೋ ನೋಡಿದ. ಟ್ರ್ಯಾಕ್ಟರ್ ಓಣಿಯೊಳಗೆ ಬರುತ್ತದಾ, ಕಟ್ಟಿಗೆ ಯಾರಿಗೆ ಎಂದು ಕೇಳಿದ. ಆಮೇಲೆ ಆಳಿನ ಕೂಲಿ, ಗರಗಸದ ಮಷಿನ್ ಮತ್ತು ಪೆಟ್ರೋಲ್, ಹಗ್ಗದ ಕೆಲಸ, ಸಾಗಾಟ ಬೇರೆ ಬೇರೆ ಹೇಳಿದ. ನಮ್ಮದಕ್ಕಿಂತ ದೊಡ್ಡ ಗಿಡ, 7,000ಕ್ಕೆ ಮುಗಿಯಿತು.

ನೀವೂ ಹೀಗೇ ಬಿಡಿಸಿ ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ತಗಡು ಒಡೆದರೆ ಯಾರ ಖರ್ಚು ಎಂಬುದೂ ಅದರಲ್ಲಿರಲಿ. ದೊಡ್ಡ ಮೊತ್ತ ಮುಂಗಡ ಕೊಡಬೇಡಿ, ಕಸ ಎತ್ತಿದ ಮೇಲೆಯೇ ಬಾಕಿ ಕೊಡಿ. "ಬುಡಕ್ಕೇ ಕಡಿದುಬಿಡೋಣ, ಸಸ್ತಾ ಆಗ್ತದ" ಅಂದರೆ ಒಪ್ಪಿಬಿಡಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ವೈರಿನ ಪಕ್ಕದ ಟೊಂಗೆಯನ್ನಂತೂ ಗುತ್ತಿಗೆಯಲ್ಲಿ ಸೇರಿಸಲೇಬೇಡಿ. ನಮ್ಮಲ್ಲಿ ಹುಡುಗನೊಬ್ಬ ಲೈನ್ ಬಂದ್ ಮಾಡಿಸದೆಯೇ ಹಸಿ ಟೊಂಗೆ ಹಿಡಿದು ಹತ್ತಿದ್ದ, ಕೂಗಿ ಇಳಿಸಿದೆವು. ಕರೆಂಟ್ ಕಂಪನಿ ಜೆಸ್ಕಾಂನ ಸೆಕ್ಷನ್ ಆಫೀಸಿಗೆ ತಿಳಿಸಿ, ಲೈನ್‌ಮನ್ ಬಂದು ಕರೆಂಟ್ ತೆಗೆಯುವ ತನಕ ಯಾರನ್ನೂ ಹತ್ತಿಸಬೇಡಿ.